ಗೌಂಡಿ ಮಾತು ಕಲಿತದ್ದು

ನಾನು ಮಂಡ್ಯದ ಕಡೆಯವನು. ಹುಬ್ಬಳ್ಳಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿ ಸೇರಿದಾಗ ನಮ್ಮ ಮರಳು ಇಲ್ಲಿ ಉಸುಕಾಗಿತ್ತು, ಜಲ್ಲಿ ಖಡಿಯಾಗಿತ್ತು, ಗಾರೆಯವರು ಗೌಂಡಿಗಳಾಗಿದ್ದರು. ಎಲ್ಲಾ ಕನ್ನಡವೇ, ಆದರೂ ಅರ್ಧ ಮಾತು ತಲೆಗೆ ಹತ್ತುತ್ತಿರಲಿಲ್ಲ. ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಕೇಳಿದ ಪದಗಳನ್ನು ಬರೆದುಕೊಳ್ಳತೊಡಗಿದೆ. ಅರ್ಥ ಗೌಂಡಿಗಳ ಹತ್ತಿರ ಕೇಳೋದು, ಪದ ಎಲ್ಲಿಂದ ಬಂತು ಅಂತ ನಿಘಂಟಿನಲ್ಲಿ ಹುಡುಕೋದು.

ತುರ್ತಾಗಿ ಬೇಕಾದದ್ದು ಸೂತ್. ಡ್ರಾಯಿಂಗ್‌ನಲ್ಲಿ 10 ಎಂಎಂ ಅಂತಿದ್ದರೆ ರಾಡ್ ಕಟ್ಟುವವರು ‘ಮೂರು ಸೂತ್ ಏನ್ರಿ ಸರ್?’ ಅಂತಾರೆ. ಸೂತ್ ಅಂದರೆ ನೂಲು. ಸೈಟಿನಲ್ಲಿ ಅದು ಇಂಚಿನ ಎಂಟನೇ ಒಂದು ಪಾಲು. ಮೂರು ಸೂತ್ ಲೆಕ್ಕಕ್ಕೆ 9.5 ಎಂಎಂ. 12 ಎಂಎಂ ರಾಡಿಗೆ ನಾಲ್ಕು ಸೂತ್, 16ಕ್ಕೆ ಐದು. ರಾಡ್ ಯಾವತ್ತೋ ಮೆಟ್ರಿಕ್ ಆಯಿತು, ಬಾಯಿ ಇನ್ನೂ ಇಂಚಿನಲ್ಲೇ ಇದೆ.

ನನಗೆ ಜಾಸ್ತಿ ಇಷ್ಟವಾದದ್ದು ಗುಣ್ಯಾ, ಅಂದರೆ ಮೂಲೆ ಸರಿಯಾಗಿ ಲಂಬಕೋನ ಇರೋದು. ಪಾಯಾ ಗುರುತು ಹಾಕುವಾಗ ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಅಳೆದು ಸುಣ್ಣ ಹಚ್ಚುತ್ತಾರೆ. ಆ ಎರಡು ಗುರುತುಗಳ ನಡುವೆ ಟೇಪ್ ಹಿಡಿದಾಗ ಸರಿಯಾಗಿ 5 ಅಡಿ ಬರಬೇಕು. ಒಂದು ಬೆರಳು ಆಚೀಚೆ ಆದರೂ ‘ಗುಣ್ಯಾ ತಪ್ಪೈತ್ರಿ’ ಅಂತ ಗೂಟ ಕಿತ್ತು ಸರಿಸುತ್ತಾರೆ. ಪದ ಪಾರ್ಸಿಯಿಂದ ಬಂದದ್ದು, ಪಾರ್ಸಿಗೆ ಗ್ರೀಕಿನಿಂದ. ಅಲ್ಲಿ ಗೋನಿಯಾ ಅಂದರೆ ಮೂಲೆ. ಗೂಟ ಹೊಡೆಯುತ್ತಿದ್ದ ಹಿರಿಯ ಗೌಂಡಿಗೆ ಇದನ್ನು ಹೇಳಿದೆ. ‘ಹೌದೇನ್ರಿ, ಮೊದ್ಲ ದಾರ ಹಿಡೀರಿ’ ಅಂದರು.

ಗೌಂಡಿ, ಪಾಯಾ, ಗೋಡೆ ನೆಟ್ಟಗಿದೆಯಾ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಡುವ ತೂಕಕ್ಕೆ ಹೇಳುವ ಒಳಂಬಿ, ಇವೆಲ್ಲ ಮರಾಠಿಯಲ್ಲೂ ಇವೆ. ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ಸರ್ಕಾರದಡಿ ಇತ್ತಲ್ವಾ, ಆಶ್ಚರ್ಯವೇನಿಲ್ಲ. ಪ್ಲಾಸ್ಟರಿಗೆ ಹೇಳುವ ಗಿಲಾಯಿಯಲ್ಲಿ ಪಾರ್ಸಿಯ ಗಿಲ್, ಅಂದರೆ ಮಣ್ಣು, ಕೂತಿದೆ. ಮೇಸ್ತ್ರಿ, ಪಗಾರ ಎರಡೂ ಪೋರ್ಚುಗೀಸರು ಬಿಟ್ಟುಹೋದವು. ಕೆಲಸ ಮಾಡಿಸುವವನ ಹೆಸರು, ಕೊಡಬೇಕಾದ ದುಡ್ಡಿನ ಹೆಸರು. ಅಷ್ಟು ಬಿಟ್ಟರೆ ಸಾಕು ಬಿಡಿ!

ಸ್ಲ್ಯಾಬ್ ಹಾಕುವಾಗ ಕೆಳಗೆ ಕೊಡುವ ಆಸರೆಗೆ ಸೆಂಟ್ರಿಂಗ್ ಅಂತಾರೆ. ಅದು ಇಂಗ್ಲಿಷ್ ಪದ ಅಂತ ಗೊತ್ತಿತ್ತು. ಆದರೆ ಸ್ಲ್ಯಾಬಿಗೂ ‘ಸೆಂಟರ್‌’ಗೂ ಏನು ಸಂಬಂಧ? ಹಿಂದೆ ಕಮಾನು ಕಟ್ಟುವಾಗ ಕೆಳಗೆ ಆಸರೆಗೆ ಕೊಡುತ್ತಿದ್ದ ಮರದ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ಸೆಂಟರ್ ಅನ್ನುತ್ತಿದ್ದರು. ಈಗ ಕಮಾನು ಇಲ್ಲ, ಚಪ್ಪಟೆ ಸ್ಲ್ಯಾಬ್. ಹೆಸರು ಮಾತ್ರ ಹಾಗೇ ಇದೆ.

ಈಗ ಟೈಲ್ಸ್ ಹಾಕೋಕೆ ಉತ್ತರದ ಹುಡುಗರು ಬಂದಿದ್ದಾರೆ. ಸಿಮೆಂಟ್ ಕಲಸಿದ್ದಕ್ಕೆ ನಮ್ಮವರು ‘ಮಾಲ್’ ಅಂದರೆ ಅವರು ‘ಮಸಾಲಾ’ ಅಂತಾರೆ. ಅದನ್ನೂ ಬರೆದುಕೊಂಡಿದ್ದೇನೆ.