ಯಾರು ‘ಹೂಂ’ ಅನ್ನಬೇಕು? ಅಜೈಲ್ ಟೀಮಿನಲ್ಲಿ ನನ್ನ ಅನುಭವ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಟೀಮಿನಲ್ಲಿ ಸ್ಕ್ರಮ್ ಮಾಸ್ಟರ್. ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುವ ‘ಅಜೈಲ್’ ರೀತಿಯ ಒಂದು ಪದ್ಧತಿ ಸ್ಕ್ರಮ್. ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸೇರಿದಾಗ ಎಲ್ಲ ಹುದ್ದೆಗೂ ಜನ ಇದ್ದರು. ಯಾವ ಸ್ಟೋರಿ (ಮಾಡಬೇಕಾದ ಕೆಲಸದ ಒಂದು ತುಣುಕು) ಮೊದಲು, ಯಾವುದು ಆಮೇಲೆ ಅಂತ ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಅದನ್ನು ಹೇಳಬೇಕಾದ ಪ್ರಾಡಕ್ಟ್ ಓನರ್ ಇದ್ದದ್ದು ಅಮೆರಿಕದಲ್ಲಿ. ನಮಗೆ ಬೆಳಗಾದರೆ ಅವರಿಗೆ ರಾತ್ರಿ. ಅವರ ಪರವಾಗಿ ಇಲ್ಲಿ ಒಬ್ಬರು ಬಿಸಿನೆಸ್ ಅನಲಿಸ್ಟ್ ಇದ್ದರು. ಏನು ಕೇಳಿದರೂ ‘ಕೇಳಿ ಹೇಳ್ತೀನಿ’ ಅನ್ನುತ್ತಿದ್ದರು. ಅವರ ಕೈಯಲ್ಲಿ ಅಧಿಕಾರವೇ ಇಲ್ಲದಿದ್ದರೆ ಇನ್ನೇನು ಹೇಳುತ್ತಾರೆ, ಪಾಪ! ಈ ನಡುವೆ ಸೇಲ್ಸ್‌ನವರು ನೇರವಾಗಿ ಡೆವಲಪರ್‌ಗೇ ಮೆಸೇಜ್ ಹಾಕುತ್ತಿದ್ದರು: ‘ಚಿಕ್ಕ ಚೇಂಜ್, ಸುಮ್ನೆ ಮಾಡಿಬಿಡಿ.’

ಯಾರ ಪಾತ್ರ ಏನು ಅಂತ ಸ್ಲೈಡ್ ಮಾಡಿ ತೋರಿಸುವುದು ನನಗೆ ಬೇಕಿರಲಿಲ್ಲ. ಬದಲಿಗೆ ಹಿಂದಿನ ಸ್ಪ್ರಿಂಟ್‌ಗಳಲ್ಲಿ (ನಿಗದಿತ ಅವಧಿಯ ಕೆಲಸದ ಸುತ್ತುಗಳಲ್ಲಿ) ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದ್ದೆವು ಅಂತ ಎಲ್ಲರೂ ಕೂತು ಬರೆದೆವು. ಸ್ಪ್ರಿಂಟ್ ನಡುವೆ ಹೊಸ ಕೆಲಸ ಬಂದರೆ ಯಾರು ‘ಹೂಂ’ ಅನ್ನಬೇಕು? ಟೆಸ್ಟ್ ಸರ್ವರ್ ಬಿದ್ದರೆ ಯಾರು ಬೆನ್ನು ಹತ್ತಬೇಕು? ಪ್ರತಿ ಪ್ರಶ್ನೆಯ ಮುಂದೆ ಒಂದೇ ಒಂದು ಹೆಸರು. ಸರ್ವರ್ ವಿಷಯಕ್ಕೆ ನನ್ನ ಹೆಸರೇ ಬಂತು.

ಪ್ರಾಡಕ್ಟ್ ಓನರ್ ಅಂದರೆ ಒಬ್ಬ ವ್ಯಕ್ತಿ, ಸಮಿತಿ ಅಲ್ಲ ಎಂದು ಸ್ಕ್ರಮ್‌ನ ನಿಯಮಗಳಿರುವ ಕೈಪಿಡಿ, ಸ್ಕ್ರಮ್ ಗೈಡ್, ಸ್ಪಷ್ಟವಾಗಿ ಹೇಳುತ್ತದೆ. ಬ್ಯಾಕ್‌ಲಾಗ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ, ಬದಲಾಗಬೇಕು ಅನ್ನುವವರು ಅವರನ್ನೇ ಒಪ್ಪಿಸಬೇಕು. ಇದನ್ನು ಸೇಲ್ಸ್‌ನವರಿಗೆ ನಾನು ಹೇಳಲಿಲ್ಲ, ಪ್ರಾಡಕ್ಟ್ ಓನರ್ ಬಾಯಿಂದಲೇ ಹೇಳಿಸಿದೆ. ಅವರು ವಾರಕ್ಕೆರಡು ಸಲ, ನಮ್ಮ ಸಂಜೆ ಹೊತ್ತಿಗೆ, ಕಾಲ್‌ಗೆ ಬರಲು ಒಪ್ಪಿದರು. ಸ್ಪ್ರಿಂಟ್ ಗೋಲ್‌ಗೆ ಧಕ್ಕೆಯಾಗದ ಸಣ್ಣಪುಟ್ಟ ವಿಷಯಗಳನ್ನು ಇಲ್ಲಿನ ಅನಲಿಸ್ಟ್ ತಾವೇ ತೀರ್ಮಾನಿಸಬಹುದು ಎಂದೂ ಬರೆದುಕೊಟ್ಟರು. ನನ್ನ ಮಟ್ಟಿಗೆ ಹೆಚ್ಚು ಕೆಲಸ ಮಾಡಿದ್ದು ಈ ಎರಡನೆಯದೇ. ‘ಕೇಳಿ ಹೇಳ್ತೀನಿ’ ಬಹಳ ಕಮ್ಮಿಯಾಯಿತು.

ಟೆಸ್ಟಿಂಗ್ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಗೈಡ್ ಪ್ರಕಾರ ಟೆಸ್ಟರ್ ಅಂತ ಬೇರೆ ಪಾತ್ರವೇ ಇಲ್ಲ. ಕೋಡ್ ಬರೆಯುವವರು, ಪರೀಕ್ಷಿಸುವವರು ಎಲ್ಲರೂ ಡೆವಲಪರ್‌ಗಳೇ. ನಮ್ಮಲ್ಲೋ, ಸ್ಪ್ರಿಂಟ್ ಮುಗಿಯುವ ಹಿಂದಿನ ದಿನ ಎಲ್ಲ ಸ್ಟೋರಿ ಒಟ್ಟಿಗೆ ಟೆಸ್ಟರ್ ತಲೆ ಮೇಲೆ ಬೀಳುತ್ತಿತ್ತು. ಟೆಸ್ಟ್ ಆಗದೆ ‘ಡನ್’ ಇಲ್ಲ ಎಂದು ಡೆಫಿನಿಷನ್ ಆಫ್ ಡನ್‌ನಲ್ಲಿ (ಕೆಲಸ ಮುಗಿದಿದೆ ಅನ್ನಲು ಏನೇನು ಆಗಿರಬೇಕು ಎಂಬ ಪಟ್ಟಿಯಲ್ಲಿ) ಸೇರಿಸಿದೆವು. ಏನೇನು ಪರೀಕ್ಷಿಸಬೇಕು ಎಂಬ ಟೆಸ್ಟ್ ಕೇಸ್‌ಗಳನ್ನು ಕೋಡ್‌ಗಿಂತ ಮುಂಚೆಯೇ ಬರೆಯಲು ಶುರು ಮಾಡಿದೆವು. ಟೆಸ್ಟಿಂಗ್‌ನಲ್ಲಿ ಕೆಲಸ ರಾಶಿ ಬಿದ್ದರೆ ಹೊಸ ಸ್ಟೋರಿ ಎತ್ತಿಕೊಳ್ಳುವಂತಿಲ್ಲ, ಕೋಡ್ ಬರೆಯುವವರೇ ಹೋಗಿ ಟೆಸ್ಟ್ ಮಾಡಬೇಕು. ಸೀನಿಯರ್‌ಗಳು ಗೊಣಗಿದರು. ಗೊಣಗಲಿ ಬಿಡಿ, ಬಗ್‌ಗಳು ಬೇಗ ಸಿಗತೊಡಗಿದವು.

ಡೈಲಿ ಸ್ಕ್ರಮ್ ಎಂಬ ದಿನದ ಮೀಟಿಂಗ್ 15 ನಿಮಿಷದ್ದು, ಡೆವಲಪರ್‌ಗಳು ತಮಗಾಗಿ ಮಾಡಿಕೊಳ್ಳುವುದು. ಆದರೆ ಎಲ್ಲರೂ ನನ್ನ ಮುಖ ನೋಡಿಕೊಂಡು ವರದಿ ಒಪ್ಪಿಸುತ್ತಿದ್ದರು. ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಜಿರಾ ಬೋರ್ಡಿನಲ್ಲಿ ಕಾರ್ಡ್ ಸರಿಸುವುದನ್ನು ನಾನು ನಿಲ್ಲಿಸಿದೆ, ಕೆಲವು ದಿನ ಬೇಕಂತಲೇ ಹೋಗಲಿಲ್ಲ. ಆಮೇಲೆ ಅವರವರೇ ಮಾತಾಡಿಕೊಂಡರು.

ಬಗೆಹರಿಯದೆ ಉಳಿದಿರುವುದು ಅಪ್ರೈಸಲ್. ಟೀಮಿಗೆ ಒಂದೇ ಗುರಿ ಅನ್ನುತ್ತೇವೆ, ಆದರೆ ಫಾರ್ಮ್‌ನಲ್ಲಿ ಕೇಳುವುದು ‘ನೀವೊಬ್ಬರೇ ಎಷ್ಟು ಸ್ಟೋರಿ ಮುಗಿಸಿದಿರಿ’ ಅಂತ. ಬೇರೆಯವರ ಸ್ಟೋರಿ ಟೆಸ್ಟ್ ಮಾಡಿಕೊಟ್ಟವರಿಗೆ ಅದರಲ್ಲಿ ಒಂದು ಕಾಲಂ ಕೂಡ ಇಲ್ಲ. ಮ್ಯಾನೇಜರ್ ಜೊತೆ, ಎಚ್‌ಆರ್ ಜೊತೆ ಮಾತು ನಡೀತಾ ಇದೆ.