ಯೀಸ್ಟಿನ ಮರಿ ಕೋಶ ಯಾಕೆ ಕಾಯುತ್ತದೆ? ನೀವೇ ನೋಡುವುದು ಹೀಗೆ

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಚಿಟಿಕೆ ಒಣ ಯೀಸ್ಟ್, ಸೋಸಿದ ದ್ರಾಕ್ಷಿ ರಸ, 400 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್, ಸ್ಲೈಡು, ಕವರ್ ಸ್ಲಿಪ್ಪು, ಸ್ವಲ್ಪ ವ್ಯಾಸಲೀನ್. ಜೊತೆಗೆ ಒಂದು ಇಡೀ ದಿನದ ಬಿಡುವು.

ಮೊದಲು ರಸಕ್ಕೆ ಅಷ್ಟೇ ನೀರು ಬೆರೆಸಿ, ಉಗುರುಬೆಚ್ಚಗೆ ಮಾಡಿ, ಯೀಸ್ಟ್ ಉದುರಿಸಿ. ಎರಡು ಮೂರು ಗಂಟೆ ಹಾಗೇ ಬಿಡಿ. ಕೆಡದ ಹಾಗೆ ಪ್ರಿಸರ್ವೇಟಿವ್ ಹಾಕಿದ ರಸ ಬೇಡ, ಅದರಲ್ಲಿ ಯೀಸ್ಟ್ ಏಳುವುದಿಲ್ಲ. ಸುಮ್ನೆ ಸಕ್ಕರೆ ನೀರು ಸಾಕಲ್ವಾ ಅಂತ ಕೇಳಬಹುದು. ನೊರೆ ಬರಲು ಸಾಕು. ಆದರೆ ಮೈ ಬೆಳೆಸಲು ಸಾರಜನಕವೂ ಬೇಕು, ಅದು ರಸದಲ್ಲಿದೆ. ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ತುಂಬುತ್ತದೆ.

ಆಮೇಲೆ ಅದರ ಒಂದು ಹನಿಯನ್ನು ತಾಜಾ ರಸದಲ್ಲಿ ತೆಳು ಮಾಡಿ ಸ್ಲೈಡಿಗೆ ಹಾಕಿ. ಕವರ್ ಸ್ಲಿಪ್ಪಿನ ಅಂಚಿಗೆ ಸುತ್ತಲೂ ವ್ಯಾಸಲೀನ್ ಸವರಿ. ನಾನು ಮೊದಲ ಸಲ ಇದನ್ನು ಬಿಟ್ಟುಬಿಟ್ಟೆ. ಅರ್ಧ ಗಂಟೆಯಲ್ಲಿ ಹನಿ ಒಣಗುತ್ತಾ ಬಂತು, ನೋಡುತ್ತಿದ್ದ ಕೋಶ ತೇಲಿಕೊಂಡು ಎತ್ತಲೋ ಹೋಯಿತು.

ಈಗ ಮೊಗ್ಗು ಹೊತ್ತ ಕೋಶವೊಂದನ್ನು ಹುಡುಕಿ. ಯೀಸ್ಟ್ ಕೋಶ ತುಂಬಾ ಚಿಕ್ಕದು, ಒಂದು ಮಿಲಿಮೀಟರಿನಲ್ಲಿ ಸುಮಾರು 200 ಸಾಲಾಗಿ ನಿಲ್ಲುತ್ತವೆ. ಅದು ಸರಿಯಾಗಿ ಅರ್ಧಕ್ಕೆ ಸೀಳುವುದಿಲ್ಲ. ತಾಯಿಯ ಮೈಮೇಲೆ ಗುಳ್ಳೆಯಂತೆ ಮೊಗ್ಗು ಏಳುತ್ತದೆ, ಊದುತ್ತದೆ, ಬೇರೆಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಚಿತ್ರ ಬರೆದಿಟ್ಟುಕೊಳ್ಳಿ. ಒಳ್ಳೆ ಊಟ, 30 ಡಿಗ್ರಿ ಬಿಸಿ ಇದ್ದರೆ ಒಂದು ಸುತ್ತು ಸುಮಾರು 90 ನಿಮಿಷ. ನಿಮ್ಮ ಸ್ಲೈಡಿನಲ್ಲಿ ಇನ್ನೂ ನಿಧಾನವಾಗಬಹುದು.

ಬೇರೆಯಾದ ಮೇಲೂ ತಾಯಿ, ಮರಿ ಅಂಟಿಕೊಂಡೇ ಇರುವುದುಂಟು. ತಾಯಿಯ ಮೈಮೇಲೆ ಹೊಸ ಮೊಗ್ಗು ಕಂಡರೆ ಹಳೆಯದು ಬೇರೆಯಾಗಿದೆ ಅಂತ ಲೆಕ್ಕ. ನೋಡಬೇಕಾದ್ದು ಇಲ್ಲೇ. ತಾಯಿ ಬೇಗ ಮತ್ತೆ ಮೊಗ್ಗು ಬಿಡುತ್ತದೆ, ಪಕ್ಕದ ಮರಿ ಬಿಡುವುದಿಲ್ಲ. ಅದು ಗಾತ್ರದಲ್ಲಿ ಚಿಕ್ಕದು. ಮೊದಲು ಬೆಳೆದುಕೊಳ್ಳುತ್ತದೆ.

ಎಷ್ಟು ಬೆಳೆದೆ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಕೋಶ ಒಮ್ಮೆ ದಾಟಿದರೆ ವಿಭಜನೆಗೆ ಹೊರಟೇಬಿಡುವ ಒಂದು ಗೆರೆ ಇದೆ. ಅದಕ್ಕೆ ‘ಸ್ಟಾರ್ಟ್’ ಎಂದು ಹೆಸರಿಟ್ಟವರು 2001ರ ನೊಬೆಲ್ ಹಂಚಿಕೊಂಡ ಲೀಲ್ಯಾಂಡ್ ಹಾರ್ಟ್‌ವೆಲ್. ಗೆರೆಯ ಬಳಿ ತಡೆದು ನಿಲ್ಲಿಸುವುದು ವಿಸ್ಕಿ-5 ಎಂಬ ಪ್ರೋಟೀನು. ಹೌದು, ಆ ಕುಡಿಯುವ ವಿಸ್ಕಿಯದೇ ಹೆಸರು.

ಚಿಕ್ಕ ಲೋಟದ ನೀರಿಗೆ ಒಂದು ತೊಟ್ಟು ಶಾಯಿ ಬಿಡಿ. ನೀರು ಸುರಿಯುತ್ತಾ ಹೋದರೆ ಶಾಯಿ ಅಷ್ಟೇ ಇರುತ್ತದೆ, ಬಣ್ಣ ಮಾತ್ರ ತೆಳುವಾಗುತ್ತದೆ. ಮರಿ ಕೋಶದಲ್ಲಿ ವಿಸ್ಕಿ-5 ಆ ಶಾಯಿ. ಕೋಶ ಊದಿದಷ್ಟೂ ಅದು ತೆಳು, ಹಿಡಿತವೂ ಸಡಿಲ. ಕೊನೆಗೆ ಕೋಶವನ್ನು ಗೆರೆ ದಾಟಲು ತಳ್ಳುವ ಸಿಎಲ್‌ಎನ್-3 ಎಂಬ ಇನ್ನೊಂದು ಪ್ರೋಟೀನಿನ ಕೈ ಮೇಲಾಗುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡಿನ ಯಾನ್ ಸ್ಕೋಥೈಮ್ ತಂಡ ತೋರಿಸಿದ್ದು ಇದನ್ನೇ. ಎಲ್ಲರೂ ಒಪ್ಪಿಲ್ಲ. ಬೇರೆ ಲ್ಯಾಬುಗಳ ಅಳತೆಯಲ್ಲಿ ವಿಸ್ಕಿ-5 ಅಷ್ಟೇನೂ ತೆಳುವಾಗಲಿಲ್ಲ, ಸಿಎಲ್‌ಎನ್-3 ಏರಿದ್ದೇ ಎದ್ದು ಕಂಡಿತು. ನನಗೆ ಶಾಯಿಯ ಲೆಕ್ಕವೇ ಹಿಡಿಸಿದೆ, ಆದರೆ ಜಗಳ ಇನ್ನೂ ಮುಗಿದಿಲ್ಲ.

ಮುಂದೆ ಇನ್ನೊಂದು ತಪಾಸಣೆಯೂ ಇದೆ. ಮೊಗ್ಗಿಗೆ ಹೊಸ ಪೊರೆ ಬಂದು ಸೇರುತ್ತಿದೆಯೇ ಎಂದು ಕೋಶ ಗಮನಿಸುತ್ತದೆ. ಆ ಸಾಗಣೆ ತಡೆದರೆ ವಿಭಜನೆ ಅಲ್ಲೇ ನಿಲ್ಲುತ್ತದೆ. ಇದರಲ್ಲಿ ಬ್ರೇಕಿನ ಕೆಲಸ ಮಾಡುವ ಪ್ರೋಟೀನಿನ ಬಂಧುವೊಂದು ಇನ್ನೊಂದು ಜಾತಿಯ ಯೀಸ್ಟಿನಲ್ಲಿದೆ, ಹೆಸರು ‘ವೀ-1’. ವಿಜ್ಞಾನಿ ಪಾಲ್ ನರ್ಸ್ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿದ್ದಾಗ, ಅದನ್ನು ಮಾಡಿಸುವ ಜೀನ್ ಕೆಟ್ಟ ಕೋಶಗಳನ್ನು ಕಂಡರು. ಬೆಳೆಯುವ ಮೊದಲೇ ಸೀಳಿಕೊಂಡು ಎಲ್ಲವೂ ಪುಟಾಣಿಗಳಾಗಿದ್ದವು. ಅಲ್ಲಿನ ಆಡುಮಾತಿನಲ್ಲಿ ‘ವೀ’ ಅಂದರೆ ಪುಟ್ಟದು.

ಕಡೆಗೆ, ಆಸೆಯಾದರೆ ರಸಕ್ಕೆ ಹತ್ತು ಪಟ್ಟು ನೀರು ಬೆರೆಸಿ ಇನ್ನೊಂದು ಸ್ಲೈಡು ಮಾಡಿ. ಊಟ ಬಡವಾದರೆ ಯೀಸ್ಟ್ ತನ್ನ ಗೆರೆಯನ್ನೇ ಕೆಳಗಿಳಿಸಿಕೊಂಡು, ಚಿಕ್ಕದಿದ್ದಾಗಲೇ ಮೊಗ್ಗು ಬಿಡುತ್ತದೆ. ಬರಿಗಣ್ಣಿನ ಅಂದಾಜಿಗೆ ಈ ವ್ಯತ್ಯಾಸ ಸಿಗುವುದು ಕಷ್ಟ. ಮೊಗ್ಗು ಆಗಷ್ಟೇ ಮೂಡಿದ ಐವತ್ತು ಕೋಶಗಳನ್ನಾದರೂ ಎರಡೂ ಸ್ಲೈಡಿನಲ್ಲಿ ಅಳೆಯಬೇಕು.