ಧಾರವಾಡಕ್ಕೆ ಹಾಡಕಿ ಕೇಳಲು ನಾನು ಹೀಗೆ ಹೋಗುತ್ತೇನೆ

ನಾನಿರುವುದು ಹಾವೇರಿಯಲ್ಲಿ, ಕಾಲೇಜಿನ ಗೆಳೆಯರೆಲ್ಲ ಧಾರವಾಡದಲ್ಲಿ. ಅವರನ್ನು ನೋಡಲು ಯಾವತ್ತು ಹೋಗಬೇಕು ಅಂತ ಕ್ಯಾಲೆಂಡರ್ ನೋಡಿ ಗೊತ್ತು ಮಾಡುವುದಿಲ್ಲ, ಹಾಡಕಿ, ಅಂದರೆ ಹಿಂದೂಸ್ತಾನಿ ಸಂಗೀತದ ಕಛೇರಿ, ಯಾವತ್ತಿದೆ ಅಂತ ಕೇಳಿ ಗೊತ್ತು ಮಾಡುತ್ತೇನೆ. "ಈ ತಿಂಗಳು ಎಲ್ಲ್ಯಾದ್ರೂ ಬೈಠಕ್ ಐತೇನೋ?" ಅಂತ ಒಂದು ಫೋನ್ ಮಾಡಿದರೆ ಸಾಕು, ಸಂಜೆಯೊಳಗೆ ವಾಟ್ಸಾಪ್‌ಗೆ ಆಮಂತ್ರಣ ಪತ್ರಿಕೆಗಳ ಫೋಟೊ ಬರುತ್ತವೆ. ಸೃಜನಾ ರಂಗಮಂದಿರ, ವಿದ್ಯಾವರ್ಧಕ ಸಂಘ, ಯಾವುದೋ ಮಠ, ಕೆಲವೊಮ್ಮೆ ಯಾರದೋ ಮನೆಯ ಪಡಸಾಲೆ. ನಾನು ಹೋಗುವ ಹೆಚ್ಚಿನ ಕಡೆ ಟಿಕೆಟ್ಟೇ ಇರುವುದಿಲ್ಲ, ಸುಮ್ನೆ ಹೋಗಿ ಕೂರುವುದು. ಆಯ್ಕೆ ಇದ್ದರೆ ಚಿಕ್ಕ ಜಾಗವನ್ನೇ ಆರಿಸುತ್ತೇನೆ. ಗುರುಗಳ ಪುಣ್ಯತಿಥಿಗೆ ಶಿಷ್ಯರು ಮಾಡುವ ಕಾರ್ಯಕ್ರಮ ಅಂದರೆ ಇನ್ನೂ ಒಳ್ಳೆಯದು, ಅಲ್ಲಿ ಹಾಡುವವರು ಮನಸ್ಸಿಟ್ಟು ಹಾಡುತ್ತಾರೆ.

ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಯ ಹೊಸೂರಿನಿಂದ ಧಾರವಾಡಕ್ಕೆ ಚಿಗರಿ ಬಸ್ಸು. ಮಧ್ಯಾಹ್ನವೇ ತಲುಪಿಬಿಡುತ್ತೇನೆ. ಗೆಳೆಯನ ಅವ್ವ ರೊಟ್ಟಿ, ಎಣಗಾಯಿ ಬಡಿಸುತ್ತ "ಹೊಟ್ಟಿ ತುಂಬ ಉಣ್ಣಪಾ, ಹಾಡಕಿ ಎಷ್ಟೊತ್ತಿಗಿ ಮುಗಿತೈತೊ ಏನೊ" ಅನ್ನುತ್ತಾರೆ. ಅದು ಖರೇನೇ. ಆಮಂತ್ರಣದಲ್ಲಿ ಶುರುವಾಗುವ ಹೊತ್ತು ಇರುತ್ತದೆ, ಮುಗಿಯುವ ಹೊತ್ತು ಇರುವುದಿಲ್ಲ. ಅದಕ್ಕೇ ರಾತ್ರಿ ವಾಪಸ್ ಬರುವ ಯೋಚನೆ ಇಟ್ಟುಕೊಂಡು ಹೋಗಬೇಡಿ. ಗೆಳೆಯರ ಮನೆಯಲ್ಲಿ ಉಳಿಯುವುದು ಅಂತಾದರೆ ಮಾತ್ರ ಕೊನೆಗೆ ಹಾಡುವ ಭೈರವಿ ರಾಗದವರೆಗೆ ನಿಶ್ಚಿಂತೆಯಿಂದ ಕೂರಬಹುದು.

ನಾನು ತಪ್ಪದೇ ಮಾಡುವ ಕೆಲಸ ಒಂದಿದೆ. ಅರ್ಧ ತಾಸು ಮೊದಲೇ ಹೋಗಿ ಜಮಖಾನದ ಮೇಲೆ ಮುಂದೆ ಕೂರುತ್ತೇನೆ. ಕುರ್ಚಿಗಳು ಹಿಂದೆ ಇರುತ್ತವೆ, ಮಂಡಿನೋವು ಇದ್ದವರಿಗೆ ಅವು ಬೇಕೇ ಬೇಕು, ಆದರೆ ನೆಲದ ಮೇಲೆ ಕೂರಲು ಆಗುವವರು ಮುಂದೆ ಬನ್ನಿ. ಯಾಕೆ ಅಂದರೆ ತಂಬೂರಿ ಶ್ರುತಿ ಮಾಡುವುದು ಅಲ್ಲಿಂದ ಮಾತ್ರ ಸರಿಯಾಗಿ ಕೇಳುತ್ತದೆ. ಶಿಷ್ಯೆ ಒಬ್ಬಳು ತಂಬೂರಿಗೆ ಕಿವಿ ಹಚ್ಚಿ ಕೂತಿರುತ್ತಾಳೆ. ತಂತಿಯ ಕೆಳಗೆ, ಕುದುರೆ ಅಂದರೆ ತಂತಿಗಳನ್ನು ಹೊರುವ ಪಟ್ಟಿಯ ಮೇಲೆ, ಒಂದು ಹತ್ತಿಯ ನೂಲೆಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾಳೆ. ಟಣ್ ಅಂತ ಸಪ್ಪಗೆ ಬರುತ್ತಿದ್ದ ನಾದ ಒಮ್ಮೆಲೇ ಜುಂಯ್ ಅಂತ ಬಿಚ್ಚಿಕೊಳ್ಳುತ್ತದೆ. ಆ ಝೇಂಕಾರಕ್ಕೇ ಜವಾರಿ ಅನ್ನುವುದು. ಮೊಬೈಲಿನಲ್ಲಿ ಎಷ್ಟು ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿದರೂ ಈ ಬಿಚ್ಚಿಕೊಳ್ಳುವ ಗಳಿಗೆ ಸಿಗುವುದಿಲ್ಲ, ಯಾಕಂದರೆ ರೆಕಾರ್ಡಿಂಗ್ ಶುರುವಾಗುವುದೇ ಅದೆಲ್ಲ ಮುಗಿದ ಮೇಲೆ.

ಇನ್ನೊಂದು ಮಜಾ ಇದೆ. ಮೊದಲ ತಂತಿಯನ್ನು ಸಾಮಾನ್ಯವಾಗಿ ಪಂಚಮಕ್ಕೆ, ಅಂದರೆ 'ಪ' ಸ್ವರಕ್ಕೆ, ಕೂಡಿಸುತ್ತಾರೆ. ಅದನ್ನು ಮಧ್ಯಮಕ್ಕೆ, ಅಂದರೆ 'ಮ' ಸ್ವರಕ್ಕೆ, ಇಳಿಸಿದರು ಅಂದರೆ ಪಕ್ಕದ ಗೆಳೆಯ "ಮಾಲಕಂಸ ಇರಬೇಕು ನೋಡು" ಅಂತ ಪಿಸುಗುಡುತ್ತಾನೆ. ಆ ರಾಗದಲ್ಲಿ ಪಂಚಮವೇ ಇಲ್ಲ, ಅಲ್ವಾ? ಹಾಡು ಶುರುವಾಗುವ ಮೊದಲೇ ನಾವು ಕೇಳಲು ಶುರು ಮಾಡಿರುತ್ತೇವೆ.

ತುಂಬ ನಿಧಾನವಾಗಿ ಸಾಗುವ ವಿಲಂಬಿತ ಏಕತಾಲ ಹೊಸಬರಿಗೆ ಬೇಸರ ಅನ್ನಿಸಬಹುದು. ಹನ್ನೆರಡು ಮಾತ್ರೆಯ (ಎಣಿಕೆಯ) ಒಂದೇ ಆವರ್ತನಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ನಾನು ಮಾಡುವುದು ಇಷ್ಟೇ: ತಬಲಾದವರ ಕಡೆ ನೋಡುತ್ತ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಕಾಯುತ್ತೇನೆ. ಗಾಯಕರು ಎಲ್ಲೆಲ್ಲೋ ಸುತ್ತಾಡಿ ಇನ್ನೇನು ತಪ್ಪಿತು ಅನ್ನುವಾಗ ಸರಿಯಾಗಿ ಸಮ್‌ಗೆ ಬಂದು ನಿಲ್ಲುತ್ತಾರೆ, ಧಾರವಾಡದ ಹಿರಿಯರು ಒಟ್ಟಿಗೇ "ಆಹಾ" ಅನ್ನುತ್ತಾರೆ. ಈ ಊರಿನ ಕೇಳುಗರ ಪಕ್ಕ ಕೂತು ನಾನು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳಂಥ ಗಾಯಕರು ಬಾಳಿದ ಊರು ಇದು, ಅವರನ್ನು ಎದುರಿಗೇ ಕೂತು ಕೇಳಿದ ಕಿವಿಗಳು ಇನ್ನೂ ಇಲ್ಲಿವೆ. ಮಧ್ಯಂತರದಲ್ಲಿ ಚಹಾ ಕುಡಿಯುವಾಗ ಅಂಥವರ ಹತ್ತಿರ ಹೋಗಿ ನಿಲ್ಲಿ. "ಕಾಕಾ, ಈಗ ಹಾಡಿದ್ದು ಯಾವ ರಾಗರೀ?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ರಾಗದ ಚಲನೆಯನ್ನೇ ಗುನುಗಿ ತೋರಿಸುತ್ತಾರೆ.

ಫೋನ್ ಮಾತ್ರ ಜೇಬಿನಲ್ಲಿರಲಿ. ಮುಂದೆ ಕೂತು ವಿಡಿಯೊ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಆ ಬೆಳಕು ಹಾಡುವವರ ಕಣ್ಣಿಗೇ ಹೊಡೆಯುತ್ತದೆ.

ಮರುದಿನ ಬೆಳಗ್ಗೆ ಬೇಗ ಹೊರಡುವ ಅವಸರ ಇಟ್ಟುಕೊಳ್ಳುವುದಿಲ್ಲ. ಮನ್ಸೂರರ ಮನೆ 'ಮೃತ್ಯುಂಜಯ' ಧಾರವಾಡದಲ್ಲೇ ಇದೆ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮನೆ 'ಗಂಗಾಲಹರಿ' ಇದೆ. ಸಾಧ್ಯವಾದರೆ ಕುಂದಗೋಳಕ್ಕೂ ಹೋಗಿ. ಗಾಯಕ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಊರು ಅದು. ಹುಬ್ಬಳ್ಳಿಯಿಂದ ಗಂಗೂಬಾಯಿ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರೂ ಅಲ್ಲೇ ಕಲಿತರು. ಸವಾಯಿ ಗಂಧರ್ವರು 1952ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ನೆನಪಿಗೆ ಕುಂದಗೋಳದ ನಾಡಗೇರ ವಾಡೆಯಲ್ಲಿ (ದೊಡ್ಡ ಹಳೆಯ ಮನೆ) ರಾತ್ರಿಯಿಡೀ ಸಂಗೀತ ನಡೆಯುತ್ತದೆ. ನೀವು ಹೋಗುವುದಾದರೆ ಮಧ್ಯಾಹ್ನ ಒಂದು ನಿದ್ದೆ ಮಾಡಿಕೊಳ್ಳಿ, ಹೊದೆಯಲು ಒಂದು ಶಾಲು ಇರಲಿ, ಜೊತೆಗೆ ಒಬ್ಬ ಗೆಳೆಯ ಇರಲಿ. ಬೆಳಗಿನ ಜಾವದ ರಾಗಗಳನ್ನು ಆ ಹೊತ್ತಿನಲ್ಲೇ, ಎದುರಿಗೇ ಕೇಳುವ ಅವಕಾಶ ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ.